ವಿಟಮಿನ್ ಇರುವ ಸಾಕಿದ ಮೀನು ತಿಂದರೆ ಅಮ್ಮ ಮಾತ್ರೆ ಬಿಡಬಹುದಾ?

ಹಿತ್ತಲಗಿಡ:
ಅಮ್ಮನಿಗೆ 67. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು, ಸೊಂಟದ ಮೂಳೆಯ ಟಿ-ಸ್ಕೋರ್ ಮೈನಸ್ 2.1 ಬಂದಿದೆ, ಅಂದರೆ ಮೂಳೆ ತೆಳ್ಳಗಾಗಿದೆ. ಡಾಕ್ಟರು ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದಾರೆ. ಆದರೆ ಅಮ್ಮನಿಗೆ ಮಾತ್ರೆ ಕಂಡರೇ ಆಗುವುದಿಲ್ಲ. ವಿಟಮಿನ್ ಹೆಚ್ಚಿಸಿ ಸಾಕಿದ ಸಾಲ್ಮನ್ ತಿಂದ ಹೆಂಗಸರಿಗೆ ಮೂಳೆ ಸವೆಯುವುದು ಕಡಿಮೆಯಾಯಿತು ಅಂತ ಎಲ್ಲೋ ಓದಿಕೊಂಡು, "ಮೀನಾದರೆ ವಾರಕ್ಕೆ ನಾಲ್ಕು ದಿನ ತಿನ್ನುತ್ತೇನೆ, ಇದೆಲ್ಲ ಯಾಕೆ" ಅನ್ನುತ್ತಿದ್ದಾರೆ. ಇದು ನಿಜಾನಾ, ಸುಮ್ನೆ ಮೀನು ಮಾರುವವರ ಮಾತಾ?

ನೀಲಿಕೊಡೆ:
ಪೂರ್ತಿ ಸುಳ್ಳಲ್ಲ. ನಾರ್ವೆಯ ಬರ್ಗೆನ್‌ನಲ್ಲಿ ಹೀಗೊಂದು ಪ್ರಯೋಗ ನಡೆದಿದೆ, 2016ರಲ್ಲಿ ಪ್ರಕಟವಾಯಿತು. ಮುಟ್ಟು ನಿಂತ 122 ಆರೋಗ್ಯವಂತ ಹೆಂಗಸರನ್ನು ತೆಗೆದುಕೊಂಡಿದ್ದರು. ಮೀನು ತಿನ್ನುವ ಗುಂಪುಗಳಿಗೆ 12 ವಾರ, ವಾರಕ್ಕೆ ಎರಡು ಸಲ 150 ಗ್ರಾಂ ಸಾಲ್ಮನ್. ಆ ಮೀನಿನಲ್ಲಿ ವಿಟಮಿನ್ ಡಿ ಮತ್ತು ಕೆ ಎಷ್ಟಿರಬೇಕು ಅಂತ ಮೊದಲೇ ಲೆಕ್ಕ ಹಾಕಿ ಬೆಳೆಸಿದ್ದರು. ಎರಡೂ ಜಾಸ್ತಿ ಇದ್ದ ಮೀನು ತಿಂದವರಲ್ಲಿ, ಮೂಳೆ ಎಷ್ಟು ಕರಗುತ್ತಿದೆ ಅಂತ ತೋರಿಸುವ ಅಂಶಗಳು ಕಡಿಮೆಯಾದವು. ಆದರೆ ಮೂಳೆ ಗಟ್ಟಿಯಾಯಿತಾ, ಬಿದ್ದರೆ ಮುರಿಯುವುದು ತಪ್ಪಿತಾ ಅನ್ನುವುದು 12 ವಾರದಲ್ಲಿ ಗೊತ್ತಾಗುವ ವಿಷಯವೇ ಅಲ್ಲ. ಮೇಲಾಗಿ ಅದು ಪ್ರಯೋಗಕ್ಕೆಂದೇ ಬೆಳೆಸಿದ ಮೀನು, ಅಂಗಡಿಯಲ್ಲಿ ಸಿಗುವುದೆಲ್ಲ ಹಾಗಿರುವುದಿಲ್ಲ.

ಬಲೆಗಾರ:
ಅದೇ ಮುಖ್ಯ. ನಮ್ಮ ಚರ್ಮ ಬಿಸಿಲಿನಲ್ಲಿ ವಿಟಮಿನ್ ಡಿ ತಯಾರಿಸುವ ಹಾಗೆ ಮೀನು ಮಾಡುವುದಿಲ್ಲ, ಅದಕ್ಕೆ ಹೊಟ್ಟೆಯಿಂದಲೇ ಬರಬೇಕು. ಸಮುದ್ರದಲ್ಲಾದರೆ ಸಣ್ಣ ಜೀವಿಗಳನ್ನು ತಿಂದು ಬರುತ್ತದೆ, ಸಾಕಿದ ಮೀನಿಗೆ ಫೀಡ್‌ನಲ್ಲಿ ಹಾಕಿದಷ್ಟೇ. 2007ರಲ್ಲಿ ಅಮೆರಿಕದಲ್ಲಿ ಅಳೆದಾಗ ಸಾಕಿದ ಸಾಲ್ಮನ್‌ನಲ್ಲಿ ಸಿಕ್ಕಿದ್ದು ಸಮುದ್ರದ ಸಾಲ್ಮನ್‌ನ ಸುಮಾರು ಕಾಲು ಭಾಗ. ಹಾಗಂತ ಸಾಕಿದ್ದೆಲ್ಲ ಕಳಪೆ ಅಂತಲ್ಲ. ಸಾಕಿದ ರೇನ್‌ಬೋ ಟ್ರೌಟ್ ಬೇಯಿಸಿದ್ದು 85 ಗ್ರಾಂ ತಿಂದರೆ ಸುಮಾರು 645 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಅಳತೆ) ವಿಟಮಿನ್ ಡಿ ಸಿಗುತ್ತದೆ. ಅಮೆರಿಕದ ಲೆಕ್ಕದಲ್ಲಿ 70 ವರ್ಷದವರೆಗೆ ದಿನಕ್ಕೆ ಬೇಕಾದದ್ದು 600, ಆಮೇಲೆ 800. ಅದೇ ಸಾಕಿದ ಕ್ಯಾಟ್‌ಫಿಶ್‌ನಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಇನ್ನೊಂದು, ಆ 2007ರ ಪರೀಕ್ಷೆಯಲ್ಲೇ ಸಾಲ್ಮನ್ ಎಣ್ಣೆಯಲ್ಲಿ ಕರಿದಾಗ ಅರ್ಧದಷ್ಟು ವಿಟಮಿನ್ ಡಿ ಹೋಗಿತ್ತು, ಓವನ್‌ನಲ್ಲಿ ಬೇಯಿಸಿದಾಗ ಹಾಗೇ ಉಳಿದಿತ್ತು.

ಸಂಜೆಮಲ್ಲಿಗೆ:
ನಮ್ಮತ್ತೆ ಎಲ್ಲ ಮಾತ್ರೆ ಬಿಟ್ಟು ಬರೀ ಮೀನು ತಿನ್ನುತ್ತಿದ್ದಾರೆ, ಏನೂ ತೊಂದರೆ ಆಗಿಲ್ಲ. ಎಲ್ಲದಕ್ಕೂ ಹೆದರಬೇಡಿ.

ನೀಲಿಕೊಡೆ:
@ಸಂಜೆಮಲ್ಲಿಗೆ ತೊಂದರೆ ಆಗಿಲ್ಲ ಅಂತ ಹೇಗೆ ಗೊತ್ತು? ಮೂಳೆ ತೆಳ್ಳಗಾಗುವಾಗ ನೋವೇ ಇರುವುದಿಲ್ಲ, ಮುರಿದ ದಿನ ಗೊತ್ತಾಗುತ್ತದೆ. ಮತ್ತೆ ಸ್ಕ್ಯಾನ್ ಮಾಡಿಸಿದ್ದಾರಾ?

ಮಾತ್ರೆಯಿಂದಲೇ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳುತ್ತಿಲ್ಲ. 2022ರಲ್ಲಿ ಬಂದ ಅಮೆರಿಕದ ವೈಟಲ್ ಪ್ರಯೋಗದಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿದ್ದರು, ದಿನಕ್ಕೆ 2000 ಐಯು ವಿಟಮಿನ್ ಡಿ ತೆಗೆದುಕೊಂಡವರಲ್ಲಿ ಮೂಳೆ ಮುರಿಯುವುದು ಕಡಿಮೆ ಆಗಲಿಲ್ಲ. ಆದರೆ ಅವರನ್ನು ಕೊರತೆ ನೋಡಿ ಆರಿಸಿರಲಿಲ್ಲ. ಹಾಗಾಗಿ ಮೊದಲು ರಕ್ತದಲ್ಲಿ ವಿಟಮಿನ್ ಡಿ ಎಷ್ಟಿದೆ ಅಂತ ನೋಡಿಸಿ, ಆಮೇಲೆ ಮೀನೋ ಮಾತ್ರೆಯೋ ಅಂತ ಜಗಳ ಆಡೋಣ.

ತುಂಬೆಹೂ:
ಎಲ್ಲರೂ ಡಿ ಹಿಂದೆ ಬಿದ್ದಿದ್ದೀರಿ, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? 50 ದಾಟಿದ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕು ಅನ್ನುತ್ತಾರೆ. ಮುಳ್ಳು ತೆಗೆದ ಸಾಲ್ಮನ್ ತುಂಡಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಮೀನಿನ ಕ್ಯಾಲ್ಸಿಯಂ ಇರುವುದು ಮುಳ್ಳಿನಲ್ಲಿ, ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನಾದರೆ ಮಾತು ಬೇರೆ. ಮೀನಿನಿಂದ ಒಳ್ಳೆಯ ಪ್ರೋಟೀನ್ ಸಿಗುತ್ತದೆ, ವಯಸ್ಸಾದವರಿಗೆ ಅದೂ ಬೇಕು. ತಿನ್ನಲಿ ಬಿಡಿ, ಆದರೆ ಮಾತ್ರೆಯ ಬದಲಿಗೆ ಅಲ್ಲ. ಮೀನು ಬೇಜಾರಾಯಿತು ಅಂತ ಕಾಡ್ ಲಿವರ್ ಎಣ್ಣೆ ಚಮಚಗಟ್ಟಲೆ ಕುಡಿಸಲು ಹೋಗಬೇಡಿ, ಅದರಲ್ಲಿ ವಿಟಮಿನ್ ಎ ಜಾಸ್ತಿ, ಅದು ಅತಿಯಾದರೆ ಮೂಳೆಗೇ ಒಳ್ಳೆಯದಲ್ಲ.

ಅಂದಹಾಗೆ, ಅಮ್ಮ ರಕ್ತ ತೆಳು ಮಾಡುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ?

ಹಿತ್ತಲಗಿಡ:
ಹೌದು, ವಾರ್ಫರಿನ್. ಹಾರ್ಟ್ ವಾಲ್ವ್ ಆಪರೇಷನ್ ಆಗಿದೆ. ಅದಕ್ಕೂ ಮೀನಿಗೂ ಏನು ಸಂಬಂಧ?

ತುಂಬೆಹೂ:
ಇದನ್ನು ಮೊದಲೇ ಹೇಳಬಾರದಾ! ಸಂಬಂಧ ಇರುವುದು ವಿಟಮಿನ್ ಕೆ ಜೊತೆ. ರಕ್ತ ಹೆಪ್ಪುಗಟ್ಟಲು ಕೆ ಬೇಕು, ವಾರ್ಫರಿನ್ ಕೆಲಸ ಮಾಡುವುದೇ ಅದರ ವಿರುದ್ಧ. ಮಾಮೂಲಿ ಸಾಲ್ಮನ್‌ನಲ್ಲಿ ಕೆ ತುಂಬಾ ಕಡಿಮೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೆ ಸೇರಿಸಿ ಬೆಳೆಸಿದ ಮೀನು ಒಂದು ವಾರ ನಾಲ್ಕು ದಿನ, ಮುಂದಿನ ವಾರ ಒಂದೂ ಇಲ್ಲ ಅಂತಾದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ಐಎನ್‌ಆರ್ ಏರುಪೇರಾಗಬಹುದು. ಪ್ಯಾಕೆಟ್ ಮೇಲೆ ಡಿ, ಕೆ ಎಷ್ಟು ಅಂತ ಬರೆದಿರುವ ಕಡೆ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ. ಅವರು ನೋಡಿ ಹೇಳುವ ತನಕ ಆ ಮೀನು ತರಬೇಡಿ, ಡಿ ಮಾತ್ರೆ ನಿಲ್ಲಿಸಬೇಡಿ.