ಕಿಡ್ನಿ ಕಸಿಯಾದವರು ಗೊಬ್ಬರದ ಕೆಲಸಕ್ಕೆ ಇಳಿಯಬಹುದೇ?

ಪ್ರಶ್ನೆ:
ನಮ್ಮ ತಂದೆಯವರಿಗೆ ಕಿಡ್ನಿ ಕಸಿಯಾಗಿ ನಾಲ್ಕು ತಿಂಗಳಾಗಿದ್ದು, ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) ನಡೆಯುತ್ತಿವೆ. ಮಳೆ ಹಿಡಿಯುವ ಮೊದಲು ಗೊಬ್ಬರದ ಗುಂಡಿ ತೆಗೆಸಿ ಅಡಿಕೆ ಮರಗಳ ಬುಡಕ್ಕೆ ಹಾಕಿಸಲೇಬೇಕೆಂದು ಅವರು ಹಟ ಹಿಡಿದಿದ್ದಾರೆ. ಮಾಸ್ಕ್ ಧರಿಸಿದರೆ ಸಾಲದೇ? ಇದರ ಜೊತೆಗೆ ನಾಲಿಗೆಯ ಮೇಲೆ ಬಿಳಿ ಪದರ ಕಾಣಿಸಿಕೊಂಡಿದ್ದು, ಔಷಧಿ ಅಂಗಡಿಯವರು ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಮಾತ್ರೆ ಸಾಕು ಎನ್ನುತ್ತಿದ್ದಾರೆ. ಕೊಡಿಸಬಹುದೇ?

ಉತ್ತರ 1:
ಕಸಿ ವೈದ್ಯರನ್ನು ಕೇಳದೆ ಆ ಮಾತ್ರೆಯನ್ನು ದಯವಿಟ್ಟು ಕೊಡಿಸಬೇಡಿ. ಟ್ಯಾಕ್ರೋಲಿಮಸನ್ನು ದೇಹದಿಂದ ಹೊರಹಾಕಲು ನೆರವಾಗುವ ಕಿಣ್ವವನ್ನು ಫ್ಲುಕೊನಜೋಲ್ ತಡೆಯುವುದರಿಂದ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿ, ಕೈ ನಡುಗಲು ಶುರುವಾಗಿ, ಕ್ರಿಯಾಟಿನಿನ್ (ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತದಲ್ಲಿ ಏರುವ ಅಂಶ) ಹೆಚ್ಚಿ, ಕಸಿ ಮಾಡಿದ ಕಿಡ್ನಿಗೇ ಪೆಟ್ಟು ಬೀಳಬಹುದು. ವೊರಿಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರದ ಔಷಧಿಯಲ್ಲಿ ಈ ಪರಿಣಾಮ ಇನ್ನೂ ಜೋರು. ವೈದ್ಯರಾದರೆ ಟ್ಯಾಕ್ರೋಲಿಮಸ್ ಪ್ರಮಾಣ ಇಳಿಸಿ, ರಕ್ತದಲ್ಲಿ ಅದರ ಲೆವೆಲ್ ಪರೀಕ್ಷಿಸುತ್ತಾ ಫ್ಲುಕೊನಜೋಲ್ ಕೊಡುತ್ತಾರೆ. ಶಿಲೀಂಧ್ರದ ಔಷಧಿ ನಿಲ್ಲಿಸಿದ ಮೇಲೆ ಇಳಿಸಿದ್ದನ್ನು ಮತ್ತೆ ಏರಿಸದಿದ್ದರೆ, ಲೆವೆಲ್ ಕುಸಿದು ದೇಹವು ಕಿಡ್ನಿಯನ್ನು ತಿರಸ್ಕರಿಸುವ ಅಪಾಯವೂ ಇದೆ. ಬಿಳಿ ಪದರ ಬಹುಶಃ ಕ್ಯಾಂಡಿಡಾ ಎಂಬ ಶಿಲೀಂಧ್ರ ಇರಬಹುದು. ಅದಕ್ಕೆ ನಿಸ್ಟಾಟಿನ್ ದ್ರಾವಣವನ್ನು ಬಾಯಲ್ಲಿ ಆಡಿಸಿ ನುಂಗುವ ದಾರಿಯೂ ಇದೆ.

ಉತ್ತರ 2:
ಗೊಬ್ಬರದ ವಿಷಯಕ್ಕೆ ಬಂದರೆ, ಈ ವರ್ಷ ಬೇಡವೇ ಬೇಡ. ಕೊಳೆತ ದರಕಿನಲ್ಲಿ (ತರಗೆಲೆಯಲ್ಲಿ) ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ. ಗುಂಡಿಯ ಒಣಗಿದ ಮೇಲ್ಪದರವನ್ನು ಗುದ್ದಲಿಯಿಂದ ಎಬ್ಬಿಸಿದಾಗ ಏಳುವ ಬೂದು ಧೂಳಿನಲ್ಲಿ ಅದರ ಬೀಜಕಣಗಳು ತುಂಬಿರುತ್ತವೆ. ಅವು ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣವು. ಬಟ್ಟೆಯ ಮಾಸ್ಕ್ ಅವನ್ನು ತಡೆಯದು. ಎನ್-95 ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸದು. ಮೊದಲ ಆರು ತಿಂಗಳು, ಹಾಗೂ ತಿರಸ್ಕಾರಕ್ಕೆಂದು ಸ್ಟೀರಾಯ್ಡ್ ಹೆಚ್ಚಿಸಿದ ದಿನಗಳಲ್ಲಿ ಎಚ್ಚರ ಇನ್ನಷ್ಟು ಬೇಕು. ಯಜಮಾನರು ದೂರದ ಜಗಲಿಯಲ್ಲಿ ಕುಳಿತು ಆಳುಗಳಿಗೆ ಹೇಳಿ ಮಾಡಿಸಲಿ. ಸುಮ್ಮನೆ ಕೂರುವುದು ಅವರಿಗೆ ಕಷ್ಟವೆಂದು ಬಲ್ಲೆ. ಪಾರಿವಾಳದ ಹಿಕ್ಕೆ ಬಿದ್ದ ಅಟ್ಟವನ್ನೂ ಅವರು ಗುಡಿಸಬಾರದು, ಅದರಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಇರಬಹುದು.

ಪ್ರಶ್ನಿಸಿದವರು:
ಧನ್ಯವಾದಗಳು. ಕಸಿಯ ನಂತರ ಸಕ್ಕರೆ ಕಾಯಿಲೆಯೂ ಬಂದಿದೆ. ಯಾವ ಲಕ್ಷಣ ಕಂಡರೆ ತಡಮಾಡಬಾರದು?

ಉತ್ತರ 3:
ಸಕ್ಕರೆ ಹತೋಟಿ ತಪ್ಪಿದರೆ ಮ್ಯೂಕರ್ ಹಿಡಿಯಲು ದಾರಿಯಾಗುತ್ತದೆ. 2021ರಲ್ಲಿ ಕೋವಿಡ್ ರೋಗಿಗಳಲ್ಲಿ ನಾವು ಕಂಡ ಕಪ್ಪು ಶಿಲೀಂಧ್ರ ಇದೇ. ಮೂಗಿನ ಒಂದೇ ಪಕ್ಕ ಕಟ್ಟುವುದು, ಕೆನ್ನೆ ನೋವು, ಕಣ್ಣಿನ ಊತ, ಮೂಗಿನಲ್ಲಿ ಕಪ್ಪು ಹೊಪ್ಪಳಿಕೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಬಿಡದ ತಲೆನೋವು, ಒಣಕೆಮ್ಮು ಅಥವಾ ನಡೆದರೆ ಏದುಸಿರು ಬಂದರೂ ಜ್ವರಕ್ಕಾಗಿ ಕಾಯಬೇಡಿ, ಏಕೆಂದರೆ ಸ್ಟೀರಾಯ್ಡ್ ಜ್ವರವನ್ನು ಮರೆಮಾಡುತ್ತದೆ. ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಶಿಲೀಂಧ್ರ ಸೋಂಕಿನ ತಡೆಗೆಂದು ಕೊಟ್ಟಿರುವ ಕೋಟ್ರೈಮೋಕ್ಸಜೋಲ್ ಮಾತ್ರೆ ಇದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಆಸ್ಪತ್ರೆಗೆ ಹೋದಾಗ ತೋಟ, ಕೊಟ್ಟಿಗೆ, ಗೊಬ್ಬರದ ಸಂಗತಿಯನ್ನು ನೀವೇ ಮೊದಲು ತಿಳಿಸಿ. ಯಾವ ಪರೀಕ್ಷೆ ಬರೆಯಬೇಕೆಂಬುದನ್ನು ವೈದ್ಯರು ಅದರ ಮೇಲೂ ನಿರ್ಧರಿಸುತ್ತಾರೆ.