ಮರಕ್ಕೆ ಹಾಕುವ ‘ಸ್ಟೇನ್’ಗೆ ಕನ್ನಡದಲ್ಲಿ ಏನು? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಒಂದು ಫರ್ನಿಚರ್ ಅಂಗಡಿಗೆ ಚೀಟಿ ಅನುವಾದ ಮಾಡಿಕೊಡುತ್ತಿದ್ದೇನೆ. ಅಂಗಳದಲ್ಲಿ ಇಡುವ ಸಾಗವಾನಿ ಖುರ್ಚಿ, ಬೆಂಚುಗಳಿಗೆ ಕಟ್ಟುವ ಚೀಟಿ. ಸಂಜೆ ಪ್ರೆಸ್ಸಿಗೆ ಹೋಗಬೇಕು. ಸ್ಟೇನ್ (ಮರದ ಗೆರೆ ಮುಚ್ಚದೆ ಬಣ್ಣ ಕೊಡುವುದು), ಸೀಲರ್ (ನೀರು ಒಳಗೆ ಇಳಿಯದಂತೆ ತಡೆಯುವ ಲೇಪ), ಫಿನಿಶ್ (ಕೊನೆಗೆ ಹಚ್ಚುವ ಲೇಪ) ಈ ಮೂರಕ್ಕೆ ಸಿಕ್ಕಿಕೊಂಡಿದ್ದೇನೆ. ನಿಘಂಟು ‘ಸ್ಟೇನ್’ಗೆ ‘ಕಲೆ’ ಅನ್ನುತ್ತದೆ. ‘ಖುರ್ಚಿಗೆ ಕಲೆ ಹಚ್ಚಿ’ ಅಂತ ಬರೆದರೆ ಮಾಲೀಕರು ನನ್ನನ್ನು ಅಂಗಡಿಯೊಳಗೆ ಬಿಡುವುದಿಲ್ಲ. ಬರೀ ‘ಬಣ್ಣ’ ಅಂದರೆ ಜನ ಪೇಂಟ್ ಡಬ್ಬಿ ತರುತ್ತಾರೆ, ಮರದ ಗೆರೆಯೆಲ್ಲ ಮುಚ್ಚಿಹೋಗುತ್ತದೆ. ಬೇಗ ತಿಳಿಸಿ.

———

ಮೊದಲು ‘ಸಾಗವಾನಿ’ ತೆಗೆಯಿರಿ. ‘ತೇಗ’ ಎನ್ನಿ. ಮಲಯಾಳದ ‘ತೇಕ್ಕ್’ ಪೋರ್ಚುಗೀಸರ ಬಾಯಲ್ಲಿ ‘ತೇಕ’ ಆಗಿ, ಆಮೇಲೆ ಇಂಗ್ಲಿಷಿನ ‘ಟೀಕ್’ ಆಯಿತು. ಹೊರಗಿನವರೇ ದ್ರಾವಿಡ ಪದ ಬಳಸುವಾಗ ನಾವು ಮರಾಠಿಯದನ್ನು ಹಿಡಿದು ಕೂತಿದ್ದೇವೆ. ಸ್ಟೇನ್‌ಗೆ ‘ಬಣ್ಣವೂಡು’, ಸೀಲರ್‌ಗೆ ‘ಮುಚ್ಚುಕ’, ಫಿನಿಶ್‌ಗೆ ‘ಮೆರುಗೆಣ್ಣೆ’. ಮುಗಿಯಿತು.

———

ಮುಗಿದಿಲ್ಲ ಸರ್. ಮೆರುಗೆಣ್ಣೆ ಅಂದರೆ ವಾರ್ನಿಶ್. ಬಯಲಲ್ಲಿ ಇಡುವ ಸಾಗವಾನಿಗೆ ಅದು ಬೇಡ ಅಂತಲೇ ಚೀಟಿ ಹೇಳಬೇಕಾದ್ದು ಅಲ್ವಾ? ಆ ಮರದಲ್ಲೇ ಎಣ್ಣೆ ಇದೆ, ವಾರ್ನಿಶ್ ಗಟ್ಟಿಯಾಗಿ ಕೂರುವುದಿಲ್ಲ. ಬಿಸಿಲಿಗೆ ಬಿರಿದು, ಬಿರುಕಿನಲ್ಲಿ ಮಳೆನೀರು ಇಳಿದು, ಹಪ್ಪಳದ ಹಾಗೆ ಏಳುತ್ತದೆ. ಅರಗಿನ ಪಾಲಿಶ್ ಅಂತೂ ನೀರು ನಿಂತಲ್ಲಿ ಬೆಳ್ಳಗಾಗುತ್ತದೆ.

ನಮ್ಮ ಕಡೆ ಬಡಿಗ್ಯಾರು ‘ಕಟ್ಟಿಗಿಗೆ ಎಣ್ಣಿ ಕುಡಿಸೋದು’ ಅಂತಾರೆ. ಪೇಂಟ್ ಮೇಲೆ ಕೂರುತ್ತದೆ, ಸ್ಟೇನ್ ಒಳಗೆ ಇಳಿಯುತ್ತದೆ. ಹಾಗಾಗಿ ಪೇಂಟ್‌ಗೆ ‘ಬಳಿಯಿರಿ’, ಸ್ಟೇನ್‌ಗೆ ‘ಕುಡಿಸಿ’ ಅನ್ನಿ. ನಾಮಪದ ಹುಡುಕುತ್ತಾ ಕೂರಬೇಡಿ, ಕ್ರಿಯಾಪದದಲ್ಲೇ ಕೆಲಸ ಆಗುತ್ತದೆ.

ಇನ್ನು ‘ತೇಗ’. ದಾಂಡೇಲಿ, ಖಾನಾಪುರದ ಕಾಡಿನ ಪಕ್ಕದವರೇ ಸಾಗವಾನಿ ಅಂತಾರೆ. ಇಲ್ಲಿನ ಸಾಮಿಲ್‌ನಲ್ಲಿ ‘ತೇಗ ಇದೆಯಾ’ ಅಂತ ಕೇಳಿ ನೋಡಿ, ‘ಈಗಷ್ಟೇ ಊಟ ಆಯ್ತ್ರೀ’ ಅಂದಾರು.

———

ಹಾಸ್ಯ ಸಾಕು. ಕುಡಿಸುವುದು ಕೂಸಿಗೆ. ಮರಕ್ಕೆ ಬಾಯಿ ಎಲ್ಲಿದೆ?

———

ಸರ್, ನಿಮ್ಮ ‘ಊಡು’ ಕೂಡ ಉಣಿಸುವುದೇ ತಾನೆ? ಮರ ಉಣ್ಣಬಹುದು, ಕುಡಿಯಬಾರದು!

———

ವಿಜಯಪುರದಿಂದ ನನ್ನದೂ ಒಂದು ಮಾತು. ಸೀಲರ್ ಹಾಗೇ ಇರಲಿ. ಡಬ್ಬಿ ಮೇಲೆ ಅದೇ ಬರೆದಿರುತ್ತದೆ. ‘ಮುಚ್ಚುಕ’ ಕೇಳಿದರೆ ಅಂಗಡಿಯವ ಮುಚ್ಚಳ ಕೊಡುತ್ತಾನೆ. ಫಿನಿಶ್‌ಗೆ ‘ಕೊನೆಯ ಕೋಟ್’ ಸಾಕು. ಬರೀ ‘ಎಣ್ಣೆ’ ಅಂತ ಮಾತ್ರ ಬರೆಯಬೇಡಿ. ಮನೆಯಲ್ಲಿರುವ ಅಗಸಿ ಎಣ್ಣೆ ಹಚ್ಚಿಬಿಡುತ್ತಾರೆ. ನಮ್ಮ ಬಿಸಿಲಿನ ಊರಲ್ಲಿ ಹೇಗೋ ನಡೆದೀತು. ಬೆಳಗಾವಿ ಮಳೆಗೆ ಬೂಷ್ಟು ಹಿಡಿದು ಕರ್ರಗಾಗುತ್ತದೆ.

———

ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಕೋಟ್ ಅಂತೆ!

———

ಖುರ್ಚಿ ಅರಬ್ಬಿ, ಬೆಂಚು ಇಂಗ್ಲಿಷು. ಎರಡರಲ್ಲಿ ಯಾವುದರ ಮೇಲೆ ಕೂತು ಇದನ್ನು ಬರೆದಿರಿ?

———

ಪ್ರೆಸ್ಸಿನವರು ಫೋನ್ ಮಾಡಿದರು, ಕಳಿಸಿಬಿಟ್ಟೆ. ಹೀಗಿದೆ: ‘ಸ್ಯಾಂಡ್ ಪೇಪರ್‌ನಿಂದ ಮರದ ಗೆರೆಗುಂಟ ಉಜ್ಜಿ. ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಸ್ಟೇನ್ ಕುಡಿಸಿ, ಮೇಲೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಸೀಲರ್ ಹಚ್ಚಿ. ವಾರ್ನಿಶ್ ಬೇಡ. ಏನೂ ಹಚ್ಚದೆ ಬಿಟ್ಟರೆ ಸಾಗವಾನಿ ಬೂದು ಬಣ್ಣಕ್ಕೆ ತಿರುಗುತ್ತದೆ, ಅಷ್ಟಕ್ಕೇ ಮರ ಕೆಡುವುದಿಲ್ಲ.’ ಎಲ್ಲರಿಗೂ ಥ್ಯಾಂಕ್ಸ್.

———

‘ಥಿನ್ನರ್’ ಯಾಕೆ? ‘ತೆಳುಕ’ ಅಂದಿದ್ದರೆ ಆಗುತ್ತಿರಲಿಲ್ಲವೇ? ಕೇಳುವ ಸೌಜನ್ಯವೂ ಇಲ್ಲ.