ಸರಪಳಿ ಕಡಿದ ಕೂಸಿಗೆ ಚಿಕ್ಕಮ್ಮನ ಉತ್ತರ

ಕೂಸೇ, ನಿನ್ನೆ ರಾತ್ರಿ ನೀನು ಗುಂಪಿಗೆ ಬರೆದದ್ದನ್ನು ನಾನು ನೋಡಿದ್ದು ಈಗ ಬೆಳಿಗ್ಗೆ. ಶಿರಸಿಯಲ್ಲಿ ಸಂಜೆಯಿಂದ ಕರೆಂಟ್ ಇರಲಿಲ್ಲ, ಮಳೆಯ ಹೊಡೆತಕ್ಕೆ ಟವರೂ ಮಲಗಿತ್ತು. 61 ದಿನ ಸತತವಾಗಿ ವರ್ಡಲ್ ಗೆದ್ದವಳು ನಿನ್ನೆ ಆರೂ ಸಾಲು ಮುಗಿಸಿ ಸೋತೆ, ಇನ್ನು ಈ ಆಟದ ಸುದ್ದಿಯೇ ಬೇಡ ಎಂದು ಬರೆದಿದ್ದೀಯ. ಅದರ ಕೆಳಗೆ ಕಾರವಾರದಿಂದ ಭಾವ, ‘ಇದೆಲ್ಲ ಅದೃಷ್ಟದ ಆಟ ಮಗಳೇ, ಬೇಸರಿಸಬೇಡ’ ಎಂದು ಸಮಾಧಾನ ಹೇಳಿದ್ದಾರೆ. ಭಾವ, ನಿಮ್ಮ ಮಾತಿನಲ್ಲಿ ಪ್ರೀತಿ ಇದೆ, ಆದರೆ ಲೆಕ್ಕ ಇಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಸುಮ್ಮನಿರಲು ಆಗುತ್ತಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಇಬ್ಬರೂ ತಾಳ್ಮೆಯಿಂದ ಕೇಳಿಸಿಕೊಳ್ಳಿ. ಗುಂಪಿನಲ್ಲಿ ಆಟ ಗೊತ್ತಿಲ್ಲದವರಿಗೆ ಒಂದು ಮಾತು: ವರ್ಡಲ್ ಎಂದರೆ ದಿನಕ್ಕೊಂದು ಐದಕ್ಷರದ ಇಂಗ್ಲಿಷ್ ಪದವನ್ನು ಆರು ಸಾಲಿನೊಳಗೆ, ಅಂದರೆ ಆರು ಊಹೆಯೊಳಗೆ, ಕಂಡುಹಿಡಿಯುವ ಮೊಬೈಲ್ ಆಟ. ಹಾಕಿದ ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಅದರ ಚೌಕ ಹಸಿರು, ಪದದಲ್ಲಿದ್ದೂ ಜಾಗ ಬೇರೆಯಾದರೆ ಹಳದಿ, ಪದದಲ್ಲೇ ಇಲ್ಲದಿದ್ದರೆ ಬೂದು.

ವರ್ಡಲ್ ಪಕ್ಕಕ್ಕಿಡು. ನಮ್ಮ ಉತ್ತರ ಕನ್ನಡದ 12 ತಾಲ್ಲೂಕುಗಳಲ್ಲಿ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊ. ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ ಪಡೆದು ನಾನು ಅದನ್ನು ಕಂಡುಹಿಡಿಯಬೇಕು. ‘ಕಾರವಾರವೇ?’ ಇಲ್ಲ. ‘ಕುಮಟೆಯೇ?’ ಇಲ್ಲ. ‘ಹಳಿಯಾಳವೇ?’ ಇಲ್ಲ. ಹೀಗೆ ಒಂದೊಂದೇ ಹೆಸರು ಹಿಡಿದು ಕೇಳುತ್ತ ಹೋದರೆ ಸರಾಸರಿ ಆರಕ್ಕಿಂತ ಹೆಚ್ಚು ಪ್ರಶ್ನೆ ಬೇಕು, ಗ್ರಹಚಾರ ಕೆಟ್ಟ ದಿನ ಹನ್ನೊಂದು. ಅದರ ಬದಲು ‘ಸಮುದ್ರ ತಾಗುತ್ತದೆಯೇ?’ ಎಂದು ಕೇಳಿದೆ ಎನ್ನು. ಹೌದಾದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಇಷ್ಟೇ. ಇಲ್ಲವಾದರೆ ಉಳಿದ ಏಳು. ಯಾವ ಉತ್ತರ ಬಂದರೂ ಹೆಚ್ಚುಕಡಿಮೆ ಅರ್ಧ ಜಿಲ್ಲೆ ಕಳೆಯಿತು. ಉಳಿದದ್ದನ್ನು ಮತ್ತೆ ಅರ್ಧ ಮಾಡುವ ಪ್ರಶ್ನೆ, ಮತ್ತೆ ಅರ್ಧ. ಹೀಗೆ ಕೇಳಿದರೆ ನಾಲ್ಕು ಪ್ರಶ್ನೆಗಳೊಳಗೆ ಯಾವ ತಾಲ್ಲೂಕಾದರೂ ಸಿಕ್ಕೇ ಸಿಗುತ್ತದೆ.

ಹೆಸರು ಹಿಡಿದು ಕೇಳುವವನು ಅಪರೂಪಕ್ಕೊಮ್ಮೆ ಮೊದಲ ಪ್ರಶ್ನೆಗೇ ಗೆಲ್ಲುತ್ತಾನೆ. ಭಾವ ಹೇಳುವ ಅದೃಷ್ಟ ಇರುವುದು ಅಲ್ಲಿ. ಅರ್ಧ ಮಾಡುತ್ತ ಹೋಗುವವನಿಗೆ ಆ ಸಂಭ್ರಮ ಸಿಗುವುದಿಲ್ಲ, ಆದರೆ ಅವನು ಸೋಲುವುದೂ ಇಲ್ಲ. ನಿನ್ನ ಒಂದೊಂದು ಊಹೆಯೂ ಒಂದು ಪ್ರಶ್ನೆ, ಕೂಸೇ. ಇದು ಉತ್ತರವಾಗಿರಬಹುದೇ ಎಂದು ಯೋಚಿಸುವ ಮೊದಲು, ಇದನ್ನು ಹಾಕಿದರೆ ಉಳಿದ ಪದಗಳು ಎಷ್ಟು ಗುಂಪುಗಳಾಗಿ ಒಡೆಯುತ್ತವೆ ಎಂದು ಯೋಚಿಸಬೇಕು.

ಈಗ ನಿನ್ನೆಯ ಆಟಕ್ಕೆ ಬಾ. ನೀನು ಹಾಕಿದ ಪದಗಳು ಅಡ್ಯೂ (ಎ-ಡಿ-ಐ-ಇ-ಯು), ಮ್ಯಾಚ್, ಕ್ಯಾಚ್, ಲ್ಯಾಚ್, ಪ್ಯಾಚ್, ಬ್ಯಾಚ್. ಉತ್ತರ ವಾಚ್. ಎರಡನೆಯ ಸಾಲಿಗೇ ಎ-ಟಿ-ಸಿ-ಎಚ್ ಎಂಬ ನಾಲ್ಕು ಚೌಕ ಹಸಿರಾಯಿತು. ಎಷ್ಟು ಹಿಗ್ಗಿದ್ದೀಯೋ, ನನಗೆ ಇಲ್ಲಿಂದಲೇ ಕಾಣುತ್ತದೆ. ಆದರೆ ಆಗ ಉಳಿದ ಸಾಮಾನ್ಯ ಪದಗಳು ಆರು: ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಪ್ಯಾಚ್, ವಾಚ್. ನಿನ್ನ ಕೈಯಲ್ಲಿ ಉಳಿದ ಅವಕಾಶ ನಾಲ್ಕು. ಒಂದೊಂದೇ ಹಾಕುತ್ತ ಹೋದೆ, ಅಂದರೆ ಕಾರವಾರವೇ, ಕುಮಟೆಯೇ ಎಂದು ಕೇಳುತ್ತ ಹೋದೆ. ಆರರಲ್ಲಿ ನಾಲ್ಕು, ಗೆಲ್ಲುವ ಸಂಭವ ಮೂರರಲ್ಲಿ ಎರಡು. ಉಳಿದ ಮೂರರಲ್ಲಿ ಒಂದು ನಿನ್ನ ಪಾಲಿಗೆ ಬಂತು.

ಮೂರನೆಯ ಸಾಲಿಗೆ ಕ್ಲೌನ್ ಎಂದು ಹಾಕಿ ನೋಡು. ಸಿ-ಎಲ್-ಓ-ಡಬ್ಲ್ಯು-ಎನ್. ಅದು ಉತ್ತರವಾಗಲು ಸಾಧ್ಯವೇ ಇಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಅದು ಒಂದೇ ಏಟಿಗೆ ಮೂರು ಪ್ರಶ್ನೆ ಕೇಳುತ್ತದೆ. ಮೊದಲ ಸಿ ಹಸಿರಾದರೆ ಕ್ಯಾಚ್. ಎಲ್ ಹಳದಿಯಾದರೆ ಲ್ಯಾಚ್. ಡಬ್ಲ್ಯು ಹಳದಿಯಾದರೆ ವಾಚ್. ಈ ಮೂರೂ ಅಲ್ಲವಾದರೆ ಬ್ಯಾಚ್, ಹ್ಯಾಚ್, ಪ್ಯಾಚ್ ಮೂರೇ ಉಳಿಯುತ್ತವೆ, ಅವಕ್ಕೆ ಸರಿಯಾಗಿ ಮೂರು ಸಾಲು ಬಾಕಿ ಇರುತ್ತವೆ. ಯಾವ ದಾರಿಯಲ್ಲೂ ಸೋಲಿಲ್ಲ. ನಿನ್ನೆಯಂತೂ ಡಬ್ಲ್ಯು ಹಳದಿಯಾಗಿ ನಾಲ್ಕನೆಯ ಸಾಲಿಗೇ ಮುಗಿಯುತ್ತಿತ್ತು. ಭಾವ, ಇದನ್ನು ಅದೃಷ್ಟ ಎಂದು ನಾನು ಹೇಗೆ ಕರೆಯಲಿ?

ನಿಮ್ಮ ಆಕ್ಷೇಪವೂ ನನಗೆ ನೆನಪಿದೆ. ಸಿಕ್ಕಿದ ಅಕ್ಷರ ಬಿಟ್ಟು ಬೇರೆ ಪದ ಹಾಕುವುದು ಮೋಸ ಎಂದು ಕೂಸಿಗೆ ಕಲಿಸಿದವರು ನೀವೇ. ಮೋಸವಲ್ಲ ಭಾವ. ಸಿಕ್ಕಿದ ಸುಳಿವನ್ನು ಮುಂದಿನ ಪದದಲ್ಲಿ ಬಳಸಲೇಬೇಕು ಎಂಬ ಕಟ್ಟು ‘ಹಾರ್ಡ್ ಮೋಡ್’ನಲ್ಲಿ ಮಾತ್ರ ಇರುವುದು. ಸಾಮಾನ್ಯ ಆಟದಲ್ಲಿ ಅದು ನಿಯಮದೊಳಗಿನ ನಡೆ. ಹಾರ್ಡ್ ಮೋಡ್ ಆಡುವುದೇ ನಿಮಗೆ ಇಷ್ಟವಾದರೆ ಆಡಿ, ಆದರೆ ಆಗ ಎಚ್ಚರ ಇನ್ನೂ ಮುಂಚೆಯೇ ಬೇಕು: ಲೈಟ್, ನೈಟ್, ರೈಟ್, ಫೈಟ್, ಮೈಟ್, ಸೈಟ್, ಟೈಟ್ ಎಂಬ, ಐ-ಜಿ-ಎಚ್-ಟಿ ಎಂದೇ ಮುಗಿಯುವ ಸಂಸಾರದೊಳಗೆ ಕಾಲಿಡುವ ಮೊದಲೇ ಅವುಗಳ ಮೊದಲ ಅಕ್ಷರಗಳಲ್ಲಿ ಕೆಲವನ್ನು ಪರೀಕ್ಷಿಸಿ ಮುಗಿಸಿರಬೇಕು. ಒಳಗೆ ಹೋದ ಮೇಲೆ ಹೊರಗೆ ಬರಲು ದಾರಿ ಇಲ್ಲ.

ತಡೆ, ಕುಕ್ಕರ್ ಕೂಗಿತು.

ಹಾಂ, ಬಂದೆ. ಮೊದಲ ಪದದ ಮಾತು ಹೇಳಬೇಕು. ಈ ಆಟ ಕಟ್ಟಿದವರು ಜೋಶ್ ವಾರ್ಡಲ್ ಎಂಬ ಎಂಜಿನಿಯರ್. ತಮ್ಮ ಸಂಗಾತಿ ಪಲಕ್ ಶಾ ಅವರಿಗೆ ಪದದಾಟ ಇಷ್ಟವೆಂದು ಕಟ್ಟಿದ್ದು. ಇಂಗ್ಲಿಷಿನಲ್ಲಿ ಐದಕ್ಷರದ ಪದ ಹನ್ನೆರಡು ಸಾವಿರಕ್ಕೂ ಹೆಚ್ಚು. ಅಷ್ಟನ್ನೂ ಪಲಕ್ ಕೂತು ನೋಡಿ, ತನಗೆ ಗೊತ್ತಿರುವವು ಯಾವುವು, ಗೊತ್ತಿಲ್ಲದವು ಯಾವುವು ಎಂದು ಬೇರೆ ಮಾಡಿದರು. ಹಾಗೆ ಉಳಿದ ಉತ್ತರಗಳ ಮೂಲ ಪಟ್ಟಿಯಲ್ಲಿ 2,315 ಪದಗಳಿದ್ದವು. 2021ರ ನವೆಂಬರ್ 1ರಂದು ಆಡಿದವರು 90 ಜನ, 2022ರ ಜನವರಿ 2ರಂದು ಮೂರು ಲಕ್ಷ. ಆ ತಿಂಗಳ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಈಗ ಪತ್ರಿಕೆಯ ಸಂಪಾದಕಿ ಪದ ಆರಿಸುತ್ತಾರೆ, ಪಟ್ಟಿ ಅಲ್ಪಸ್ವಲ್ಪ ಬದಲಾಗಿದೆ, ಆದರೆ ಸ್ವಭಾವ ಅದೇ. ಒಬ್ಬ ಹೆಣ್ಣುಮಗಳು ‘ಇದು ನನಗೆ ಗೊತ್ತು’ ಎಂದ ಪದಗಳು ಅವು. ನಿಘಂಟಿನ ಮೂಲೆಯಿಂದ ತೆಗೆದ ಪದವನ್ನು ಉತ್ತರವೆಂದು ಹುಡುಕುತ್ತ ನೀನು ಸಾಲು ಕಳೆಯಬಾರದು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಆ ಮೂಲ ಪಟ್ಟಿಯನ್ನು ಎಣಿಸಿದರೆ 1,056 ಪದಗಳಲ್ಲಿ ಇ ಇದೆ, 909 ಪದಗಳಲ್ಲಿ ಎ ಇದೆ, 837ರಲ್ಲಿ ಆರ್ ಇದೆ. ಜೆ ಇರುವುದು 27ರಲ್ಲಿ. ‘ಜೆ ಇದೆಯೇ?’ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ, ಅಂಥ ಪ್ರಶ್ನೆಗೆ ಒಂದು ಚೌಕ ಖರ್ಚು ಮಾಡಬಾರದು. ‘ಇ ಇದೆಯೇ?’ ಎಂಬುದು ಸಮುದ್ರ ತಾಗುತ್ತದೆಯೇ ಎಂಬಂಥ ಪ್ರಶ್ನೆ. ಇನ್ನು ಸ್ಥಾನದ ವಿಷಯ. ಎಸ್‌ನಿಂದ ಶುರುವಾಗುವ ಪದಗಳು 366, ಎಸ್‌ನಲ್ಲಿ ಮುಗಿಯುವವು ಬರೇ 36, ಏಕೆಂದರೆ ಎಸ್ ಹಚ್ಚಿ ಮಾಡಿದ ಬಹುವಚನಗಳನ್ನು ಉತ್ತರವಾಗಿ ಇಡುವುದಿಲ್ಲ. ಇ ಅಕ್ಷರದಲ್ಲಿ ಮುಗಿಯುವವು 424. ಹಾಗಾದರೆ ಎಸ್ ಮುಂದೆ, ಇ ಹಿಂದೆ, ನಡುವೆ ಹೆಚ್ಚು ಬಳಕೆಯ ಅಕ್ಷರಗಳು ಇರುವ ಪದ ಯಾವುದು? ಸ್ಲೇಟು, ಎಸ್-ಎಲ್-ಎ-ಟಿ-ಇ! ನಾವೆಲ್ಲ ಬಳಪ ಹಿಡಿದು ತೀಡಿದ ಅದೇ ಸ್ಲೇಟು. ನಾನು ಪ್ರತಿದಿನ ಅದರಿಂದಲೇ ಆರಂಭಿಸುತ್ತೇನೆ. ಎರಡನೆಯ ಸಾಲಿಗೆ ಹೆಚ್ಚಿನ ಸುಳಿವು ಸಿಗದ ದಿನ ಕ್ರೋನಿ ಎಂದು ಹಾಕುತ್ತೇನೆ, ಸಿ-ಆರ್-ಓ-ಎನ್-ವೈ. ಎರಡು ಸಾಲಿನಲ್ಲಿ ಹತ್ತು ಬೇರೆ ಬೇರೆ ಅಕ್ಷರ ಮುಗಿಯುತ್ತದೆ. ಮೊದಲ ಸಾಲಿನಲ್ಲಿ ಎರಡು-ಮೂರು ಬಣ್ಣ ಬಂದಿದ್ದರೆ ಮಾತ್ರ ಆ ಅಭ್ಯಾಸ ಬಿಟ್ಟು, ಬಂದದ್ದನ್ನು ನೋಡಿ ಯೋಚಿಸಬೇಕು.

ನಿನ್ನ ಅಡ್ಯೂ ಬಗ್ಗೆ ನನಗೆ ಮೊದಲಿನಿಂದಲೂ ಸಮಾಧಾನವಿಲ್ಲ. ನಾಲ್ಕು ಸ್ವರ ಒಟ್ಟಿಗೇ ತಿಳಿಯುತ್ತದಲ್ಲ ಎಂದು ನೀನು ವಾದಿಸುತ್ತೀಯ. ಸ್ವರ ತಿಳಿದು ಪದ ತಿಳಿಯುವುದಿಲ್ಲ, ಕೂಸೇ. ಕನ್ನಡದಲ್ಲೇ ನೋಡು. ಒಂದು ಊರಿನ ಹೆಸರಿನಲ್ಲಿ ಇ, ಅ, ಇ ಎಂಬ ಸ್ವರಗಳು ಇದೇ ಕ್ರಮದಲ್ಲಿ ಇವೆ ಎಂದರೆ ನಿನಗೆ ಏನು ಹೊಳೆಯುತ್ತದೆ? ಶ, ರ, ಸ ಎಂಬ ವ್ಯಂಜನಗಳಿವೆ ಎಂದರೆ? ಆ ಕ್ಷಣವೇ ಶಿರಸಿ ಎನ್ನುತ್ತೀಯ. ನಿನ್ನೆಯ ಆರು ಪದಗಳನ್ನು ಬೇರೆ ಮಾಡುವುದೂ ಒಂದು ವ್ಯಂಜನವೇ ಹೊರತು ಸ್ವರವಲ್ಲ.

ಐದೂ ಚೌಕ ಬೂದು ಬಂದರೆ ನೀನು ಅಳುಮುಖದ ಚಿತ್ರ ಕಳಿಸುತ್ತೀಯಲ್ಲ, ಅದೂ ಬೇಡ. ಆರ್-ಎ-ಐ-ಎಸ್-ಇ, ರೇಜ್ ಎಂಬ ಪದವನ್ನು ಮೊದಲು ಹಾಕಿದೆ ಎಂದಿಟ್ಟುಕೊ. ಅದಕ್ಕೆ ಬರಬಹುದಾದ ಅತ್ಯಂತ ಕೆಟ್ಟ ಫಲಿತಾಂಶವೇ ಐದೂ ಬೂದು. ಆಗ 2,315ರಲ್ಲಿ ಉಳಿಯುವುದು 168. ಒಂದೇ ಸಾಲಿನಲ್ಲಿ ನೂರಕ್ಕೆ 92ಕ್ಕಿಂತ ಹೆಚ್ಚು ಪದ ಹೋಯಿತು! ಬೂದು ಬಣ್ಣವೂ ಉತ್ತರವೇ, ‘ಇಲ್ಲ’ ಎಂಬ ಉತ್ತರ. ಮೂರು ಬಣ್ಣ, ಐದು ಚೌಕ, ಒಟ್ಟು 243 ವಿನ್ಯಾಸ. ಅದರಲ್ಲಿ ನಾಲ್ಕು ಹಸಿರು, ಒಂದು ಹಳದಿ ಬರಲು ಸಾಧ್ಯವಿಲ್ಲ, ನಾಲ್ಕು ಜಾಗ ಸರಿಯಾದ ಮೇಲೆ ಐದನೆಯ ಅಕ್ಷರ ಹೋಗುವುದಾದರೂ ಎಲ್ಲಿಗೆ? ಹಾಗಾಗಿ ಐದು ಕಳೆದು 238. ಹೌದು-ಇಲ್ಲ ಎಂಬ ಎರಡೇ ಉತ್ತರದ ತಾಲ್ಲೂಕಿನ ಪ್ರಶ್ನೆಗಿಂತ ಇದು ಎಷ್ಟು ದೊಡ್ಡ ಪ್ರಶ್ನೆ ಎಂದು ಯೋಚಿಸು. ಒಂದು ಉತ್ತರ ಎಷ್ಟು ಮಾಹಿತಿ ಕೊಟ್ಟಿತು ಎಂಬುದನ್ನು ಅಳೆಯುವ ಲೆಕ್ಕವನ್ನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ಬರೆದಿಟ್ಟಿದ್ದಾರೆ, ಅಳತೆಯ ಹೆಸರು ಬಿಟ್. ಪಟ್ಟಿಯನ್ನು ಸರಿಯಾಗಿ ಅರ್ಧ ಮಾಡುವ ಒಂದು ಹೌದು-ಇಲ್ಲ ಉತ್ತರ ಎಂದರೆ ಒಂದು ಬಿಟ್. 12 ತಾಲ್ಲೂಕಿಗೆ ಸುಮಾರು ಮೂರೂವರೆ ಬಿಟ್ ಬೇಕು, 2,315 ಪದಕ್ಕೆ ಹನ್ನೊಂದಕ್ಕಿಂತ ತುಸು ಹೆಚ್ಚು. ಪಟ್ಟಿ ಇನ್ನೂರು ಪಟ್ಟು ಹಿಗ್ಗಿದರೂ ಪ್ರಶ್ನೆ ಮೂರು ಪಟ್ಟಿನಷ್ಟೇ ಹೆಚ್ಚುತ್ತದೆ. ಇದನ್ನು ಮೊದಲ ಸಲ ಓದಿದ ದಿನ ನಾನು ಅಡುಗೆ ಮನೆಯಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೆ.

ಪಟ್ಟಿಯನ್ನು ಪೂರ್ತಿ ಬಲ್ಲ ಕಂಪ್ಯೂಟರ್ ಒಂದೂ ತಪ್ಪಿಲ್ಲದೆ ಆಡಿದರೂ ಅದರ ಸರಾಸರಿ 3.42 ಸಾಲು. ಆದ್ದರಿಂದ ದಿನಾ ಮೂರರಲ್ಲಿ ಮುಗಿಸುತ್ತೇನೆ ಎನ್ನುವವರ ಮಾತು ಕೇಳಿ ಕುಗ್ಗಬೇಡ. ನಾಲ್ಕು ಎಂಬುದು ಒಳ್ಳೆಯ ಆಟ.

ಸರಾಸರಿ ತೆಗೆಯುವಾಗಲೂ ಎರಡು ಎಚ್ಚರಿಕೆ ಬೇಕು. ಹತ್ತು ದಿನದಲ್ಲಿ ಒಂಬತ್ತು ದಿನ ನಾಲ್ಕು, ಒಂದು ದಿನ ಎರಡು ಬಂದರೆ ಸರಾಸರಿ 3.8. ಆ ಎರಡರ ಬದಲು ಆರು ಬಂದರೆ 4.2. ಒಂದೇ ದಿನ ಇಷ್ಟು ಅಲುಗಾಡಿಸುತ್ತದೆ. ನೂರು ದಿನ ಆಡಿದರೆ ಅದೇ ವ್ಯತ್ಯಾಸ 0.04. ಹಾಗಾಗಿ ವಾರದ ಲೆಕ್ಕ ಹಿಡಿದು ಅಪ್ಪ-ಮಗಳು ಜಗಳವಾಡಬೇಡಿ. ಇನ್ನೊಂದು, ಆಟದ ಕೊನೆಗೆ ಕಾಣುವ ಪಟ್ಟೆಗಳ ಚಿತ್ರದಲ್ಲಿ ಒಂದರಿಂದ ಆರರವರೆಗಿನ ಗೆಲುವು ಮಾತ್ರ ಇರುತ್ತದೆ, ಸೋತ ದಿನ ಅಲ್ಲಿ ಕಾಣುವುದಿಲ್ಲ. ನಾನು ವಹಿಯಲ್ಲಿ ಸೋಲಿಗೆ ಏಳು ಎಂದು ಬರೆದುಕೊಳ್ಳುತ್ತೇನೆ. ನೀನೂ ನಿನ್ನೆಯದಕ್ಕೆ ಏಳು ಬರೆದು ಭಾಗಿಸಿ ನೋಡು. 61 ದಿನದ ಸರಾಸರಿ ನಾಲ್ಕಿದ್ದರೆ 62ನೆಯ ದಿನಕ್ಕೆ 4.05 ಆಗುತ್ತದೆ. ನೀನು ಕಳೆದುಕೊಂಡದ್ದು ಅಷ್ಟೇ.

ಸರಪಳಿ ಕಡಿದದ್ದು ಮಾತ್ರ ಲೆಕ್ಕದಿಂದ ಸರಿಹೋಗುವ ನೋವಲ್ಲ, ನನಗೆ ಗೊತ್ತು. ನನ್ನ ಸರಪಳಿ ಹೋದ ಆಷಾಢದಲ್ಲಿ ಕಡಿಯಿತು, ಪದ ಗೊತ್ತಾಗದೆ ಅಲ್ಲ, ಎರಡು ದಿನ ನೆಟ್‌ವರ್ಕ್ ಇಲ್ಲದೆ. ಮಧ್ಯರಾತ್ರಿ ಪದ ಬದಲಾಯಿತು, ನಾನು ಮೇಣದಬತ್ತಿ ಹಚ್ಚಿಕೊಂಡು ಮೊಬೈಲ್ ಹಿಡಿದು ಕೂತೇ ಇದ್ದೆ. ಅಂದಿನಿಂದ ಸತತ ದಿನಗಳ ಅಂಕಿಯನ್ನು ಜಾಣ್ಮೆಯ ಅಳತೆ ಎಂದು ನಾನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಅದು ಟವರಿನ ಆರೋಗ್ಯವನ್ನೂ ಅಳೆಯುತ್ತದೆ.

ಇವತ್ತಿನದನ್ನು ನಾನು ಇನ್ನೂ ಆಡಿಲ್ಲ, ನಿನಗಾಗಿ ಕಾಯುತ್ತಿದ್ದೇನೆ. ಸ್ಲೇಟಿನಿಂದ ಶುರುಮಾಡು. ಎರಡನೆಯ ಸಾಲಿನ ನಂತರ ಮೊಬೈಲ್ ಕೆಳಗಿಟ್ಟು, ಉಳಿದಿರಬಹುದಾದ ಪದಗಳನ್ನು ಕಾಗದದ ಮೇಲೆ ಬರೆ, ಕನಿಷ್ಠ ಐದಾದರೂ. ಆಮೇಲೆ ಅವುಗಳನ್ನು ಒಡೆಯುವ ಪದ ಹುಡುಕು. ಬಣ್ಣದ ಚೌಕಗಳನ್ನು ಮಾತ್ರ ಗುಂಪಿಗೆ ಕಳಿಸು, ಪದ ಹೇಳಬೇಡ, ಅಕ್ಕ ಮಧ್ಯಾಹ್ನ ಊಟವಾದ ಮೇಲೆ ಆಡುತ್ತಾಳೆ. ಭಾವ, ನೀವೂ ಆಡಿ. ಮತ್ತೆ ಗುಡುಗುತ್ತಿದೆ, ಕರೆಂಟ್ ಹೋಗುವ ಮೊದಲು ಇದನ್ನು ಕಳಿಸಿಬಿಡುತ್ತೇನೆ.